ಕಾಸರಗೋಡು ಪೇಟೆಗೆ ಬಟ್ಟೆ ತೆಗೆಯಲು ಬರುವವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗಿರಾಕಿಗಳೇ,

ನೀವು ನನ್ನನ್ನು ನೋಡಿರುತ್ತೀರಿ. ಕಾಸರಗೋಡು ಪೇಟೆಯ ಒಂದು ದೊಡ್ಡ ಜವುಳಿ ಅಂಗಡಿಯ ಎರಡನೇ ಮಾಳಿಗೆಯಲ್ಲಿ, ಸೀರೆ ಸೆಕ್ಷನಿನಲ್ಲಿ ಆರು ವರ್ಷ ನಿಂತಿದ್ದೆ. ಕೆಲಸ ಮಾಡಿದ್ದೆ ಎಂದು ಬರೆಯಲು ಹೊರಟವಳು ನಿಂತಿದ್ದೆ ಎಂದು ಬರೆದೆ. ಇರಲಿ, ಅದೇ ಸರಿ. ಮೆರೂನ್ ಬಣ್ಣದ ಯೂನಿಫಾರ್ಮ್ ಸೀರೆ, ಕೂದಲಿಗೆ ಬಲೆ ಹಾಕಿದ ತುರುಬು, ಎದೆಯ ಮೇಲೆ ಹೆಸರಿನ ಬಿಲ್ಲೆ. ಆ ಬಿಲ್ಲೆಯನ್ನು ನೀವು ಓದುತ್ತಿದ್ದದ್ದು ಕಂಪ್ಲೇಂಟ್ ಕೊಡುವಾಗ ಮಾತ್ರ. ಹಾಗಾಗಿ ಇಲ್ಲಿ ಹೆಸರು ಹಾಕುವುದಿಲ್ಲ. ಅಂಗಡಿಯ ಹೆಸರೂ ಬೇಡ. ಅದಲ್ಲದಿದ್ದರೆ ಅದರ ಎದುರಿನದ್ದು, ಕಥೆ ಜಾಸ್ತಿ ಬದಲಾಗುವುದಿಲ್ಲ.

ಈ ಸಲದ ಓಣಂ ಮುಗಿದ ಮರುವಾರ ಕೆಲಸ ಬಿಟ್ಟೆ. ಬದಿಯಡ್ಕ ಕಡೆ ನಮ್ಮ ಮನೆಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಎ.ಸಿ. ಒಳಗಿನ ಕೆಲಸ ಅಲ್ವಾ, ಬಿಸಿಲಿಲ್ಲ, ಮಳೆಯಿಲ್ಲ, ಎಂತಕ್ಕೆ ಬಿಟ್ಟದ್ದು ಮಾರಾಯ್ತಿ?" ಅತ್ತೆಗೆ ಕಾಲುನೋವು ಎಂದೆ. ನೆರೆಮನೆ ಅಕ್ಕನಿಗೆ ಬಸ್ಸಿನ ತೊಂದರೆ ಎಂದೆ. ಎರಡೂ ಸುಳ್ಳಲ್ಲ. ಆದರೆ ನಿಜವಾದ ಕಾರಣವನ್ನು ನಿಮಗೇ ಹೇಳಬೇಕು. ಯಾಕೆಂದರೆ ಅದರಲ್ಲಿ ಅರ್ಧ ಪಾಲು ನಿಮ್ಮದು. ಇನ್ನರ್ಧ ಯಾರದ್ದೋ, ಅವರನ್ನು ನೀವು ಅಂಗಡಿಯಲ್ಲಿ ಒಂದು ದಿನವೂ ಕಂಡಿರಲಿಕ್ಕಿಲ್ಲ.

ಮೊದಲು ಸೀರೆಯ ವಿಷಯ. ನೀವು ಕಪಾಟಿನ ಕಡೆ ಬೆರಳು ತೋರಿಸಿ "ಅದೊಂದು ಬಿಡಿಸಿ" ಎನ್ನುತ್ತೀರಿ. ಬಿಡಿಸಲು ಎರಡು ಸೆಕೆಂಡು ಸಾಕು. ಸೆರಗು ಹಿಡಿದು ಬೀಸಿದರೆ ಐದೂವರೆ ಮೀಟರ್ ಸೀರೆ ಮೇಜಿನ ಮೇಲೆ ತಾನೇ ಹರಡಿಕೊಳ್ಳುತ್ತದೆ. ಆರು ವರ್ಷ ಆದರೂ ನನಗೆ ಅದು ನೋಡಲು ಚಂದವೇ. ಮಡಚುವುದು ಬೇರೆ ಕೆಲಸ. ಕಾಟನ್ ಆದರೆ ಹೇಳಿದ ಹಾಗೆ ಕೇಳುತ್ತದೆ. ಸಾಫ್ಟ್ ಸಿಲ್ಕ್ ಜಾರುತ್ತದೆ, ಒಂದು ತುದಿಯನ್ನು ಗಲ್ಲದ ಅಡಿಗೆ ಒತ್ತಿ ಹಿಡಿದುಕೊಂಡು ಎರಡು ಅಂಚು ಕೂಡಿಸಬೇಕು. ಆರ್ಗಾಂಜಾ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಟಿಶ್ಯೂ ಸೀರೆಯನ್ನು ಹಳೇ ಮಡಿಕೆಯ ಮೇಲೆಯೇ ಮಡಚಬೇಕು. ಒಂದು ಬೆರಳು ಆಚೆ ಈಚೆ ಆದರೆ ಹೊಸ ಗೆರೆ ಬೀಳುತ್ತದೆ, ಮತ್ತೆ ಬರುವವರು "ಇದು ಹಳೇ ಸ್ಟಾಕಾ?" ಎಂದು ಕೇಳುತ್ತಾರೆ. ಬ್ಲೌಸ್ ಪೀಸ್ ಒಳಗೆ ಹೋಗಬೇಕು, ಸೆರಗಿನ ಬುಟ್ಟಾ ಮೇಲೆ ಬರಬೇಕು, ಬೆಲೆಯ ಟ್ಯಾಗ್ ಎಡಮೂಲೆಯಲ್ಲಿ ಕಾಣಬೇಕು. ಇದೆಲ್ಲ ಆಗುವುದು ನೀವು ಮೆಟ್ಟಿಲು ಇಳಿದು ಹೋದ ಮೇಲೆ. ಹಾಗಾಗಿ ನೀವು ನೋಡಿರುವುದಿಲ್ಲ.

ಮದುವೆಯ ಗುಂಪು ಎಂದರೆ ಎಂಟು ಜನ ಬರುತ್ತಾರೆ. ಒಬ್ಬಳಿಗೆ ಸೀರೆ, ಏಳು ಜನಕ್ಕೆ ಅಭಿಪ್ರಾಯ. ಒಂದು ಶನಿವಾರ ಅಂಥ ಗುಂಪಿಗೆ ನಾನು 63 ಸೀರೆ ಬಿಡಿಸಿದೆ. ಎಣಿಸಿದ್ದೆ, ಯಾಕೆಂದರೆ ಎಲ್ಲ ನಾನೇ ಮಡಚಬೇಕಿತ್ತಲ್ಲ. ಮದುಮಗಳಿಗೆ 20ನೆಯದ್ದೇ ಇಷ್ಟವಾಗಿತ್ತು ಪಾಪ, ಅವಳು ಕಣ್ಣಲ್ಲೇ ಅದನ್ನು ಹುಡುಕುತ್ತಿದ್ದಳು. ಕೊನೆಗೆ ಮಾವ ಎದ್ದರು. "ಮಂಗಳೂರಿಗೆ ಹೋಗಿ ಒಮ್ಮೆ ನೋಡುವ." ಹೋದರು. ಅದರಲ್ಲಿ ತಪ್ಪಿಲ್ಲ, ಮದುವೆ ಸೀರೆ, ನಾಲ್ಕು ಕಡೆ ನೋಡಲೇಬೇಕು. ನನಗೆ ಚುಚ್ಚಿದ್ದು ಅವರಲ್ಲಿ ಒಬ್ಬರು ಇಳಿಯುತ್ತಾ ಹೇಳಿದ ಮಾತು. "ಇವರಿಗೆ ಎಂತ, ತೋರಿಸುವುದಕ್ಕೇ ಸಂಬಳ ಅಲ್ವಾ?"

ತೋರಿಸುವುದಕ್ಕೆ ಅಲ್ಲ, ಮಾರುವುದಕ್ಕೆ. ತಿಂಗಳಿಗೆ ಇಷ್ಟು ಎಂದು ಟಾರ್ಗೆಟ್ ಉಂಟು. ಅದು ಮುಟ್ಟದಿದ್ದರೆ ಇನ್ಸೆಂಟಿವ್ ಇಲ್ಲ. ನಾನು ಸೇರುವಾಗ ಸಂಬಳ 8,500, ಬಿಡುವಾಗ 12,000. ಅದರಲ್ಲಿ ಪಿ.ಎಫ್. ಕಟ್ಟು, ಇ.ಎಸ್.ಐ. ಕಟ್ಟು. ಇನ್ಸೆಂಟಿವ್ ಬಂದರೆ ಮಗಳ ಸ್ಕೂಲ್ ವ್ಯಾನ್, ಬಾರದಿದ್ದರೆ ಅವಳು ಬಸ್ಸು. ಆ ಶನಿವಾರ ನಾನು 63 ಸೀರೆಯ ಹಿಂದೆ ಇದ್ದಾಗ ಬಂದ ಗಿರಾಕಿಗಳೆಲ್ಲ ಪಕ್ಕದ ಕೌಂಟರಿಗೆ ಹೋದರು.

ಭಾಷೆಯ ಬಗ್ಗೆಯೂ ಒಂದು ಮಾತು. ನಮ್ಮದು ಸಪ್ತಭಾಷೆಯ ನಾಡು ಎಂದು ಭಾಷಣದಲ್ಲಿ ಹೇಳುತ್ತಾರೆ. ಆ ಏಳು ಭಾಷೆಯೂ ಒಟ್ಟಿಗೆ ಸೇರುವ ಜಾಗ ಯಾವುದೆಂದರೆ ಬಟ್ಟೆ ಅಂಗಡಿಯ ಕೌಂಟರು. ಮಂಜೇಶ್ವರದವರು ತುಳುವಿನಲ್ಲಿ ಕೇಳುತ್ತಾರೆ, ಉಪ್ಪಳದ ಇತ್ತಾ (ಬ್ಯಾರಿಗಳು ಅಕ್ಕನಿಗೆ ಹೇಳುವುದು) ಬ್ಯಾರಿಯಲ್ಲಿ, ನೀರ್ಚಾಲಿನ ಅತ್ತೆ ಹವ್ಯಕದಲ್ಲಿ, ಕಾಞಂಗಾಡಿನ ಚೇಚಿ ಮಲಯಾಳದಲ್ಲಿ. ಕೊಂಕಣಿ, ಮರಾಟಿಯೂ ಕೇಳುತ್ತದೆ. ಕನ್ನಡ, ತುಳು ಮನೆಯದ್ದು. ಉಳಿದದ್ದನ್ನು ನಾನು ಸೀರೆ ಬಿಡಿಸುತ್ತಾ ಕಲಿತೆ. ಬಣ್ಣ, ಬೆಲೆ, ಉದ್ದ, ಅಗಲ, "ತೊಳೆದರೆ ಹೋಗುತ್ತದಾ" ಎಂಬಷ್ಟು ಎಲ್ಲ ಭಾಷೆಯಲ್ಲೂ ಬರುತ್ತದೆ. ನಾನು ಓದಿದ್ದು ಕನ್ನಡ ಮೀಡಿಯಂ. ಮಲಯಾಳದ ಒಂದು ಅಕ್ಷರ ಮಾತ್ರ ನನ್ನ ನಾಲಿಗೆಗೆ ಹತ್ತಲೇ ಇಲ್ಲ. ರಿಯಾಯ್ತಿಗೆ ಅವರು ಹೇಳುವ 'ಕಿೞಿವ್'. ನಾನು ಹೇಳಿದರೆ 'ಕಿಳಿವ್' ಆಗುತ್ತದೆ, ಕಿಳಿ ಎಂದರೆ ಗಿಳಿ. "ಇದಕ್ಕೆ 10 ಶೇಕಡಾ ಗಿಳಿ ಉಂಟಂತೆ" ಎಂದು ಒಬ್ಬಳು ಕಾಲೇಜು ಹುಡುಗಿ ಗೆಳತಿಯ ಭುಜಕ್ಕೆ ತಲೆಯಿಟ್ಟು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳ ಅಮ್ಮ ಮ್ಯಾನೇಜರ್ ಹತ್ತಿರ, ಭಾಷೆ ಸರಿಯಾಗಿ ಬರುವವರನ್ನು ಇಡಬಾರದಾ ಎಂದು ಹೇಳಿ ಹೋದರು. ಹಳಗನ್ನಡದಲ್ಲಿ ಆ ಅಕ್ಷರ ನಮಗೂ ಇತ್ತು, ಸ್ಕೂಲಿನಲ್ಲಿ ಕನ್ನಡ ಟೀಚರ್ ಹೇಳಿದ್ದು ನೆನಪುಂಟು. ನಾವು ಅದನ್ನು ಯಾಕೆ ಕಳೆದುಕೊಂಡೆವೋ ಎಂದು ಆ ದಿನ ಸಿಟ್ಟು ಬಂತು.

ಈಗ ಸ್ಟೂಲಿನ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ.

ಕೋಝಿಕೋಡಿನಲ್ಲಿ ಮಿಠಾಯಿ ತೆರುವು ಎಂದು ಒಂದು ಬೀದಿ ಉಂಟು, ಎರಡೂ ಬದಿ ಬಟ್ಟೆ ಅಂಗಡಿಗಳೇ. ಅಲ್ಲಿ ಕೆಲಸಕ್ಕೆ ನಿಂತ ಹೆಂಗಸರಿಗೆ ಮೊದಲು ಮೂತ್ರಕ್ಕೆ ಹೋಗಲೂ ಜಾಗ ಇರಲಿಲ್ಲ. ಹೋಟೆಲಿಗೆ ಹೋಗಿ ಚಾ ಕುಡಿದ ಹಾಗೆ ಮಾಡಿ ಬರಬೇಕಿತ್ತು. ಇಲ್ಲದಿದ್ದರೆ ಇಡೀ ದಿನ ನೀರು ಕುಡಿಯದೆ ಇರಬೇಕಿತ್ತು. ಅದೇ ಬೀದಿಯಲ್ಲಿ ಟೈಲರ್ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬವರು ಈ ಹೆಂಗಸರನ್ನು ಸೇರಿಸಿ 'ಪೆಣ್‌ಕೂಟ್ಟ್' ಎಂಬ ಸಂಘ ಕಟ್ಟಿದರು. ಮೊದಲು ಕಕ್ಕಸಿಗಾಗಿ ಹೋರಾಟ. ಆಮೇಲೆ ಕೂರುವ ಹಕ್ಕಿಗಾಗಿ. ಅದಕ್ಕೆ 'ಇರಿಕ್ಕಲ್ ಸಮರಂ' ಎಂದೇ ಹೆಸರು ಬಿತ್ತು, ಕೂರುವ ಚಳುವಳಿ. ಕೂರುವುದಕ್ಕೂ ಚಳುವಳಿಯಾ ಎಂದು ನಕ್ಕವರು ತುಂಬಾ ಜನ. ವರ್ಷಗಟ್ಟಲೆ ನಡೆಯಿತು. ಕೊನೆಗೆ 2018ರಲ್ಲಿ ಕೇರಳ ಸರಕಾರ 1960ರ ಅಂಗಡಿ ಕಾನೂನಿಗೆ ತಿದ್ದುಪಡಿ ತಂದಿತು. ಪ್ರತಿ ಅಂಗಡಿಯಲ್ಲೂ ಕೆಲಸದವರಿಗೆ ಕೂರಲು ವ್ಯವಸ್ಥೆ ಇರಬೇಕು, ಕೆಲಸದ ನಡುವೆ ಪುರುಸೊತ್ತು ಸಿಕ್ಕಾಗ ಅವರು ಕೂರುವಂತಿರಬೇಕು. ಅದೇ ವರ್ಷ ಬಿಬಿಸಿಯವರು ಜಗತ್ತಿನ 100 ಮಹಿಳೆಯರ ಪಟ್ಟಿ ಮಾಡಿದಾಗ ವಿಜಿಯವರ ಹೆಸರು ಅದರಲ್ಲಿತ್ತು. 2021ರಲ್ಲಿ ತಮಿಳುನಾಡು ಕೂಡ ಇಂಥದ್ದೇ ಕಾನೂನು ಮಾಡಿತು.

ನಾನು ಸೇರುವಾಗ ಈ ಕಾನೂನು ಬಂದಾಗಿತ್ತು. ನಮ್ಮ ಮಾಳಿಗೆಯಲ್ಲಿ 11 ಜನ ಹುಡುಗಿಯರು, ಎರಡು ಸ್ಟೂಲು. ಪ್ಲಾಸ್ಟಿಕ್ಕಿನದ್ದು, ನೀಲಿ ಬಣ್ಣ, ಗೋಡೆಯ ಬದಿಗೆ. ಒಂದರ ಮೇಲೆ ಡಿಸ್ಕೌಂಟಿನ ಬೋರ್ಡು ಇಟ್ಟಿದ್ದರು. ಇನ್ನೊಂದು ಖಾಲಿ. ಕೂರಬಾರದು ಎಂದು ಯಾರೂ ಹೇಳಿರಲಿಲ್ಲ. ಹೇಳುವ ಹಾಗೂ ಇಲ್ಲವಲ್ಲ. "ಗಿರಾಕಿ ಕಣ್ಣಿಗೆ ಬೀಳುವಾಗ ಕೂತಿರಬೇಡಿ" ಎಂದಿದ್ದರು, ಅಷ್ಟೇ. ಮಾಳಿಗೆಯಲ್ಲಿ ಗಿರಾಕಿ ಇಲ್ಲದಿದ್ದರೂ ಮೆಟ್ಟಿಲಲ್ಲಿ ಇರುತ್ತಾರೆ, ಮೆಟ್ಟಿಲಲ್ಲಿ ಇಲ್ಲದಿದ್ದರೂ ಸಿಸಿಟಿವಿ ಇರುತ್ತದೆ.

ನಮ್ಮ ಬಸ್ಸು ದಿನಾ ಎಡನೀರು ದಾಟಿ ಹೋಗುತ್ತದೆ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಮಠದ ಜಮೀನಿನ ವಿಷಯದಲ್ಲಿ ಕೇರಳ ಸರಕಾರದ ಮೇಲೆ ಕೇಸು ಹಾಕಿದ್ದು 1970ರಲ್ಲಿ. 1973ರಲ್ಲಿ ಸುಪ್ರೀಂ ಕೋರ್ಟಿನ 13 ಜಡ್ಜುಗಳು ಕೂತು ತೀರ್ಪು ಕೊಟ್ಟರು. ಸಂವಿಧಾನದ ಮೂಲ ರಚನೆಯನ್ನು ಪಾರ್ಲಿಮೆಂಟೂ ಮುಟ್ಟುವ ಹಾಗಿಲ್ಲ ಎಂದು ದೇಶಕ್ಕೇ ಗೊತ್ತಾದದ್ದು ನಮ್ಮೂರ ದಾರಿಯ ಒಂದು ಮಠದಿಂದ. ಸ್ವಾಮೀಜಿಗೆ ಜಮೀನು ಸಿಗಲಿಲ್ಲ, ದೇಶಕ್ಕೆ ಕಾನೂನು ಸಿಕ್ಕಿತು ಎಂದು ಬಸ್ಸಿನಲ್ಲಿ ಒಬ್ಬರು ಮಾಸ್ಟ್ರು ಹೇಳುತ್ತಿದ್ದರು. ನನ್ನದು ಅದಕ್ಕೆ ಉಲ್ಟಾ ಮಾಸ್ಟ್ರೇ, ಕಾನೂನು ಸಿಕ್ಕಿದೆ, ಸ್ಟೂಲು ಸಿಗಲಿಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಕಂಬಿ ಹಿಡಿದು ನಿಂತಿದ್ದೆ.

ಒಂದು ಮಧ್ಯಾಹ್ನ, ಆಟಿ ತಿಂಗಳು, ಹೊರಗೆ ಜಡಿಮಳೆ, ಅಂಗಡಿಯಲ್ಲಿ ನೊಣ ಇಲ್ಲ. ನನಗೆ ಮೊಣಕಾಲಿನ ಹಿಂದೆ ನರ ಉಬ್ಬಿ ನೀಲಿಯಾಗಿತ್ತು, ಡಾಕ್ಟರು ಉದ್ದದ ಕಾಲುಚೀಲ ಹಾಕಿಸಿದ್ದರು. ಖಾಲಿ ಸ್ಟೂಲಿನಲ್ಲಿ ಕೂತು ಹೊಸ ಸೀರೆಗಳಿಗೆ ಟ್ಯಾಗ್ ಹಾಕುತ್ತಿದ್ದೆ. ಕೈ ಕೆಲಸ ಮಾಡುತ್ತಲೇ ಇತ್ತು. ಇಬ್ಬರು ಮೆಟ್ಟಿಲು ಹತ್ತಿ ಬಂದರು. ನಾನು ಏಳುವುದರೊಳಗೆ, ಅಂದರೆ ಮಡಿಲಿನಲ್ಲಿದ್ದ ಸೀರೆಯನ್ನು ಕೆಳಗೆ ಬೀಳದ ಹಾಗೆ ಮೇಜಿಗೆ ಇಡುವಷ್ಟು ಹೊತ್ತಿನಲ್ಲಿ, ಒಬ್ಬರು ಇನ್ನೊಬ್ಬರಿಗೆ ಹೇಳಿದರು, "ನೋಡು, ಮಹಾರಾಣಿ." ಕೆಳಗೆ ಇಳಿಯುವಾಗ ಬಿಲ್ಲಿಂಗಿನಲ್ಲಿ ಬಿಲ್ಲೆಯ ಹೆಸರು ಹೇಳಿ ಹೋದರು. ಮರುದಿನ ನನ್ನ ಕೈಗೆ ಕಾಗದ ಬಂತು, ವಿವರಣೆ ಬರೆದು ಕೊಡಬೇಕಂತೆ. ಬರೆದೆ. "ಕೂತದ್ದು ತಪ್ಪಾಯಿತು, ಇನ್ನು ಮುಂದೆ ಕೂರುವುದಿಲ್ಲ." ಆ ಕಾಗದ ಈಗಲೂ ಅಂಗಡಿಯ ಫೈಲಿನಲ್ಲಿ ಉಂಟು. ಯಾವುದಾದರೂ ಆಫೀಸಿನವರು ಬಂದು ಕೇಳಿದರೆ ಅದನ್ನು ತೋರಿಸಲಿಕ್ಕಿಲ್ಲ ಎಂದುಕೊಂಡಿದ್ದೇನೆ.

ನೀವು ಕೇಳಬಹುದು, ನಾವು ಕೂರಬೇಡ ಎಂದೆವಾ? ಇಲ್ಲ. ಆದರೆ ಕೂತವರನ್ನು ಕಂಡ ಕೂಡಲೇ ನಿಮ್ಮ ಮುಖ ಒಂದು ಥರ ಆಗುತ್ತದೆ. ಆ ಮುಖಕ್ಕೆ ಹೆದರಿಯೇ ಅಂಗಡಿಯವರು ನಮ್ಮನ್ನು ನಿಲ್ಲಿಸುವುದು. ಬ್ಯಾಂಕಿನಲ್ಲಿ ಕ್ಲರ್ಕ್ ಕೂತೇ ಇರುತ್ತಾರೆ, ನೀವೇ ನಿಂತಿರುತ್ತೀರಿ, ಬೇಜಾರಿಲ್ಲ. ಸೀರೆ ತೋರಿಸುವವಳು ಮಾತ್ರ ನಿಂತಿರಬೇಕು.

ಹೊತ್ತಿನ ಲೆಕ್ಕವನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾನೂನಿನಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48, ನಾಲ್ಕು ಗಂಟೆ ಆದ ಮೇಲೆ ಒಂದು ಗಂಟೆ ವಿಶ್ರಾಂತಿ, ಜಾಸ್ತಿ ದುಡಿದರೆ ಎರಡು ಪಟ್ಟು ಕೂಲಿ. ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟು, ಊಟಕ್ಕೆ 25 ನಿಮಿಷ. ಓಣಂ ವಾರದಲ್ಲಿ ಗಡಿಯಾರ ನೋಡುವುದೇ ಇಲ್ಲ. ಓಣಂನ ಮುಖ್ಯ ದಿನ ತಿರುವೋಣಂ, ಅದರ ಮುಂಚಿನ ದಿನ ಉತ್ರಾಡ. ಆ ದಿನದ ಓಡಾಟಕ್ಕೆ ಮಲಯಾಳದಲ್ಲಿ ಒಂದು ಹೆಸರೇ ಉಂಟು, ಉತ್ರಾಡಪ್ಪಾಚ್ಚಿಲ್. ಓಡುವುದು ನೀವು, ಆದರೆ ಸುಸ್ತಾಗುವುದು ನಾವು. ಈ ಸಲ ಆ ರಾತ್ರಿ ಅಂಗಡಿಯ ಶಟರ್ ಎಳೆಯುವಾಗ ಹತ್ತು ಮುಕ್ಕಾಲು. ರಾತ್ರಿ 9ರ ನಂತರ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡರೆ ಮನೆಗೆ ಬಿಡುವ ವ್ಯವಸ್ಥೆ ಮಾಡಬೇಕು ಎಂದು ಆ 2018ರ ತಿದ್ದುಪಡಿಯಲ್ಲೇ ಉಂಟು. ನಮ್ಮ ವ್ಯವಸ್ಥೆ ಎಂದರೆ ನಮ್ಮ ಗಂಡಂದಿರು. ನನ್ನವರು ಸ್ಕೂಟರ್ ತಗೊಂಡು ಒಂಬತ್ತರಿಂದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಹತ್ತೂಕಾಲಿಗೆ ಒಬ್ಬರು ಬಂದು, ಲೈಟ್ ಆರಿಸುತ್ತಿದ್ದಾರೆ ಎಂದು ಗೊತ್ತಿದ್ದೂ, ಸೆಟ್ಟುಮುಂಡು ಬೇಕು ಎಂದರು, ಕೇರಳದವರು ಉಡುವ ಎರಡು ತುಂಡಿನ ಸೀರೆ. ಹಸಿರು ಕರೆಯದ್ದು. ಇಲ್ಲ, ಆ ಹಸಿರಲ್ಲ. ಇನ್ನೂ ಸ್ವಲ್ಪ ಗಿಳಿ ಬಣ್ಣ. ಮತ್ತೆ ಗಿಳಿ.

ಚೀಲದ ಜಗಳ ಗೊತ್ತುಂಟಲ್ಲ? ಕೇರಳದಲ್ಲಿ 2020ರ ಜನವರಿ 1ರಿಂದ ಪ್ಲಾಸ್ಟಿಕ್ ಕವರ್ ನಿಂತಿತು. ಅಂಗಡಿಯವರು ಬಟ್ಟೆ ಚೀಲ ಮಾಡಿಸಿದರು, ಅದರ ಮೇಲೆ ಅಂಗಡಿಯ ಹೆಸರು ದೊಡ್ಡದಾಗಿ, ಬೆಲೆ 10 ರೂಪಾಯಿ. ಗಿರಾಕಿಗಳು ಫೋನ್ ತೆಗೆದು ತೋರಿಸುತ್ತಾರೆ. ಚಂಡೀಗಢದ ಗ್ರಾಹಕ ವೇದಿಕೆ 2019ರಲ್ಲಿ ಒಂದು ಚಪ್ಪಲಿ ಕಂಪನಿಗೆ, ನಿಮ್ಮ ಹೆಸರು ಮುದ್ರಿಸಿದ ಚೀಲಕ್ಕೆ 3 ರೂಪಾಯಿ ತಗೊಂಡದ್ದು ತಪ್ಪು ಎಂದು ಹೇಳಿತ್ತು. ಅದನ್ನೇ ಓದಿ ಹೇಳುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ಆದರೆ ಹೇಳುವುದು ಬಿಲ್ಲಿಂಗಿನಲ್ಲಿ ಕೂತ 19 ವರ್ಷದ ಹುಡುಗಿಗೆ, ಹಿಂದೆ 12 ಜನ ಕಾಯುತ್ತಿರುವಾಗ, ದೊಡ್ಡ ಸ್ವರದಲ್ಲಿ. ಅವಳಿಗೆ ಚೀಲ ಬಿಟ್ಟಿ ಕೊಡುವ ಅಧಿಕಾರ ಇಲ್ಲ. ಕೊಟ್ಟರೆ ರಾತ್ರಿ ಕ್ಯಾಶಿನಲ್ಲಿ 10 ರೂಪಾಯಿ ಕಮ್ಮಿ ಬರುತ್ತದೆ, ಅವಳೇ ತುಂಬಬೇಕು. ತುಂಬಿದ್ದಾಳೆ ಕೂಡ, ಬಾಯಿ ಮುಚ್ಚಿಸಲು.

ಇದನ್ನೇ ನಾನು ನಿಮಗೆ ಹೇಳಬೇಕೆಂದಿರುವುದು. ನೀವು ಜಗಳ ಮಾಡಿದ್ದರಲ್ಲಿ ಹೆಚ್ಚು ಸಲ ನೀವೇ ಸರಿ. ಆದರೆ ನಿಮಗೆ ಸಿಕ್ಕಿದ್ದು ತಪ್ಪು ಜನ. ರೂಲ್ ಮಾಡಿದವರು ಅಲ್ಲಿ ಇರುವುದಿಲ್ಲ. ಆರು ವರ್ಷದಲ್ಲಿ ಯಜಮಾನರನ್ನು ನಾನು ನಾಲ್ಕು ಸಲ ಕಂಡಿದ್ದೇನೆ, ಅದರಲ್ಲಿ ಎರಡು ಸಲ ಲಕ್ಷ್ಮೀಪೂಜೆಗೆ. ಫ್ಲೋರ್ ಮ್ಯಾನೇಜರ್ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ, ಅವರೂ ಸಂಬಳದವರು, ಅವರೂ ನಿಂತೇ ಇರುತ್ತಾರೆ. ಅವರ ಕಾಲು ನಾನು ನೋಡಿಲ್ಲ.

ಒಂದು ಕಸವು ಸೆಟ್ಟುಮುಂಡಿನ ಕಥೆ ಹೇಳುತ್ತೇನೆ. ಕಸವು ಎಂದರೆ ಮಲಯಾಳದಲ್ಲಿ ಜರಿ. ಓಣಂಗೆ ಹತ್ತು ದಿನ ಮೊದಲು ಒಬ್ಬರು ಅಮ್ಮ, ಅರುವತ್ತರ ಮೇಲೆ ಇರಬಹುದು, ಮಗಳ ಜೊತೆ ಬಂದಿದ್ದರು. ಎರಡು ವಾರದ ಹಿಂದೆ ನನ್ನ ಕೈಯಿಂದಲೇ ತಗೊಂಡು ಹೋದದ್ದು. ತಣ್ಣೀರಿನಲ್ಲಿ ಒಂದೇ ಸಲ ಅದ್ದಿ ತೆಗೆದದ್ದಂತೆ. ಕಸವಿನ ಕರೆ ಕಪ್ಪಾಗಿತ್ತು, ಹಳೇ ಹಿತ್ತಾಳೆ ಚೆಂಬಿನ ಹಾಗೆ. ಉಗುರಿನಿಂದ ಕೆರೆದು ನೋಡಿದೆ, ಕಪ್ಪು ಪುಡಿ ಬಂತು. ಮಾಲು ಸರಿಯಿಲ್ಲ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ನನ್ನ ಹಿಂದೆ ಗೋಡೆಯಲ್ಲಿ ಬೋರ್ಡು, 'ಮಾರಿದ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ', ಮೂರು ಭಾಷೆಯಲ್ಲಿ. ಮೇಲೆ ಕ್ಯಾಮೆರಾ.

"ವಾಪಸ್ ಆಗುವುದಿಲ್ಲ ಅಮ್ಮ" ಎಂದೆ. ಮಗಳಿಗೆ ಸಿಟ್ಟು ಬಂತು. "ನೀವೇ ಅಲ್ವಾ ಕೊಟ್ಟದ್ದು? ಒಳ್ಳೆದು ಎಂದು ನೀವೇ ಹೇಳಿದ್ದಲ್ವಾ?" ಹೌದು, ಹೇಳಿದ್ದೆ. ಹೇಳಲೇಬೇಕು. ಮೂರು ಸಲ 'ಆಗುವುದಿಲ್ಲ' ಎಂದು ಹೇಳಿದೆ, ಮೂರನೇ ಸಲ ನನ್ನ ಸ್ವರವೂ ಸ್ವಲ್ಪ ಏರಿತು, ಒಪ್ಪಿಕೊಳ್ಳುತ್ತೇನೆ. ಮಗಳು ಬಿಲ್ಲೆ ನೋಡಿ ಹೆಸರನ್ನು ಬಾಯಲ್ಲೇ ಓದಿದಳು, ಮೆಟ್ಟಿಲು ಇಳಿದಳು. ಅಮ್ಮ ನಿಧಾನ ಇಳಿಯುತ್ತಿದ್ದರು. ನಾನು ಅವರ ಚೀಲ ಹಿಡಿದು ಜೊತೆಗೆ ಇಳಿದೆ. ಮೆಟ್ಟಿಲಿನ ತಿರುವಿನಲ್ಲಿ ಕ್ಯಾಮೆರಾ ಇಲ್ಲ, ಅದು ನಮಗೆಲ್ಲ ಗೊತ್ತಿರುವ ವಿಷಯ. ಅಲ್ಲಿ ಹೇಳಿದೆ. "ಅಮ್ಮ, ಆ ಬೋರ್ಡಿಗೆ ಬೆಲೆ ಇಲ್ಲ. 2019ರ ಗ್ರಾಹಕ ಕಾನೂನಿನಲ್ಲಿ ಹಾಳು ಮಾಲನ್ನು ಅಂಗಡಿಯವರು ವಾಪಸ್ ತಗೊಳ್ಳಲೇಬೇಕು. ಬಿಲ್ಲಿನಲ್ಲಿ ಇಷ್ಟು ದಿನ ಎಂದು ಬರೆದಿರದಿದ್ದರೆ 30 ದಿನದ ಒಳಗೆ. ನಿಮ್ಮದು ಹದಿನಾಲ್ಕೇ ದಿನ ಆದದ್ದು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕೆಂದಿಲ್ಲ. ಬಿಲ್ ಬಿಸಾಡಬೇಡಿ. ನಾನು ಹೇಳಿದ್ದೆಂದು ಹೇಳಬೇಡಿ." ಅವರು ನನ್ನ ಕೈ ಹಿಡಿದು, "ಆಯ್ತು ಮಗಳೇ" ಎಂದರು.

ಅವರು ಹೇಳಿದ ಹಾಗೆಯೇ ನಡೆದುಕೊಂಡರು. ಅವರು ಫೋನ್ ಮಾಡಿದರೋ, ಮಗಳು ಮಾಡಿದಳೋ, ವಾರದೊಳಗೆ ಬೇರೆ ಸೆಟ್ಟುಮುಂಡು ಸಿಕ್ಕಿತು. ಕೆಳಗಿನ ಕೌಂಟರಿನಲ್ಲೇ ಕೊಟ್ಟು ಕಳಿಸಿದರಂತೆ, ಮೇಲೆ ಬರಲೇ ಇಲ್ಲ. ಆದರೆ ಆ ದಿನ ಅಮ್ಮ ಮೆಟ್ಟಿಲಿನ ತಿರುವಿನಲ್ಲಿ ನನ್ನ ಕೈ ಹಿಡಿದಿದ್ದಾಗ ಮಗಳು ಕೆಳಗೆ ಸ್ಕೂಟರಿನ ಮೇಲೆ ಕೂತು ಗೂಗಲಿನಲ್ಲಿ ಒಂದು ನಕ್ಷತ್ರ ಕೊಟ್ಟಾಗಿತ್ತು. ನನ್ನ ಹೆಸರು ಹಾಕಿ. "ಅಹಂಕಾರದ ಸೇಲ್ಸ್‌ಗರ್ಲ್, ಇಂಥವರನ್ನು ಮೊದಲು ತೆಗೆಯಿರಿ." ಹೆಸರು ಬಂದ ಒಂದು ನಕ್ಷತ್ರಕ್ಕೆ ಆ ತಿಂಗಳ ಇನ್ಸೆಂಟಿವ್ ಇಲ್ಲ, ಅದು ರೂಲು. ಓಣಂ ತಿಂಗಳಿನದ್ದು, ವರ್ಷದಲ್ಲೇ ದೊಡ್ಡದು. ಅವರಿಗೆ ಬದಲಿ ಸಿಕ್ಕಿದ ಮೇಲೂ ಆ ನಕ್ಷತ್ರ ಹಾಗೇ ಉಂಟು. ನಾನು ಕೆಲಸ ಬಿಟ್ಟ ಮೇಲೂ ಉಂಟು. ನಿನ್ನೆ ನೋಡಿದೆ. ಆರು ಜನ ಅದಕ್ಕೆ ಹೆಬ್ಬೆರಳು ಒತ್ತಿದ್ದಾರೆ.

ಆ ತಂಗಿ ಇದನ್ನು ಓದಿದರೆ: ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಈಗ ಇಲ್ಲ. ಆದರೆ ನೀನು ಬರೆಯಬೇಕಾದದ್ದು ಅಂಗಡಿಯ ಬೋರ್ಡಿನ ಮೇಲಿದ್ದ ಹೆಸರಿನ ಬಗ್ಗೆ ಆಗಿತ್ತು. ನನ್ನ ಎದೆಯ ಮೇಲಿದ್ದ ಹೆಸರಿನ ಬಗ್ಗೆ ಅಲ್ಲ.

ಒಳ್ಳೆಯವರೂ ಬರುತ್ತಿದ್ದರು, ಯಾಕೆ ಇಲ್ಲ. ಮೊಗ್ರಾಲಿನಿಂದ ಒಬ್ಬರು ಇತ್ತಾ ಪೆರ್ನಾಲಿಗೆ, ಅಂದರೆ ಈದ್ ಹಬ್ಬಕ್ಕೆ, ಬಟ್ಟೆ ತೆಗೆಯಲು ಪ್ರತಿ ವರ್ಷ ಬರುತ್ತಿದ್ದರು. ನೋಡಿ ಮುಗಿದ ಮೇಲೆ ಕೂತಲ್ಲಿಂದ ಎದ್ದು ಸೀರೆಯ ಇನ್ನೊಂದು ತುದಿ ಹಿಡಿದು ನಿಲ್ಲುತ್ತಿದ್ದರು. "ಬಾ, ಮಡಚುವ." ಇಬ್ಬರು ಹಿಡಿದರೆ ಟಿಶ್ಯೂ ಕೂಡ ಅರ್ಧ ನಿಮಿಷದ ಕೆಲಸ. ನಾನು ಬೇಡ ಬೇಡ ಎನ್ನುತ್ತಿದ್ದೆ, ಕ್ಯಾಮೆರಾ ನೋಡುತ್ತಿದ್ದೆ. ಗಿರಾಕಿಯ ಕೈಯಲ್ಲಿ ಕೆಲಸ ಮಾಡಿಸಿದಳು ಎಂದು ಅದಕ್ಕೂ ಒಂದು ಕಾಗದ ಬಂದರೆ ಎಂದು.

ಕೆಲಸ ಬಿಟ್ಟ ದಿನ ದೊಡ್ಡದೇನೂ ಆಗಲಿಲ್ಲ. ಜಗಳ ಇಲ್ಲ, ಭಾಷಣ ಇಲ್ಲ. ಕಾಗದ ಕೊಟ್ಟೆ. "ಬಿಡುವುದಾ?" ಎಂದರು. "ಹೌದು ಸರ್" ಎಂದೆ. ಬಿಲ್ಲೆ ವಾಪಸ್ ಕೊಡಬೇಕು, ಯೂನಿಫಾರ್ಮ್ ಸೀರೆ ಎರಡರಲ್ಲಿ ಒಂದಕ್ಕೆ ಇಸ್ತ್ರಿ ಸುಟ್ಟ ಕಲೆ ಇತ್ತು, ಅದಕ್ಕೆ 450 ರೂಪಾಯಿ ಹಿಡಿದರು. ಆರು ವರ್ಷ ಆದ ಕಾರಣ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಬರಬೇಕು. ಕೇಳಿದೆ. ನೋಡುವ ಎಂದರು. ನಾನೂ ನೋಡುತ್ತೇನೆ. ಐದು ವರ್ಷ ತುಂಬಿದವರಿಗೆ ಅದು ಹಕ್ಕು ಎಂದು ನನ್ನ ಜೊತೆಯ ಹುಡುಗಿಯರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ನಾಲ್ಕು ವರ್ಷಕ್ಕೆ ಬಿಟ್ಟು ಎದುರಿನ ಅಂಗಡಿಗೆ ಹೋಗುತ್ತಾರೆ.

ಈಗ ಮನೆಯಲ್ಲಿ ಸೀರೆಗೆ ಫಾಲ್ ಹೊಲಿಯುತ್ತೇನೆ, ಕುಚ್ಚು ಕಟ್ಟುತ್ತೇನೆ. ದುಡ್ಡು ಕಮ್ಮಿ. ಕೂತು ಮಾಡುವ ಕೆಲಸ.

ಮೊನ್ನೆ ಮಗಳಿಗೆ ಫ್ರಾಕ್ ತೆಗೆಯಲು ಕುಂಬಳೆಯ ಒಂದು ಅಂಗಡಿಗೆ ಹೋಗಿದ್ದೆ. ಮಧ್ಯಾಹ್ನ, ಬೇರೆ ಯಾರೂ ಇರಲಿಲ್ಲ. ಮೂಲೆಯಲ್ಲಿ ಒಬ್ಬಳು ಹುಡುಗಿ ಸ್ಟೂಲಿನಲ್ಲಿ ಕೂತಿದ್ದಳು, ನಮ್ಮನ್ನು ಕಂಡದ್ದೇ ತಡ, ಸ್ಪ್ರಿಂಗಿನ ಹಾಗೆ ಎದ್ದಳು. ಚಪ್ಪಲಿ ಹಾಕಿಕೊಳ್ಳಲೂ ಪುರುಸೊತ್ತಾಗಲಿಲ್ಲ ಅವಳಿಗೆ. ನಾನು, "ಕೂತ್ಕೊಳ್ಳಿ, ನಾವೇ ನೋಡ್ತೇವೆ, ಬೇಕಾದರೆ ಕರೀತೇನೆ" ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಮಾಡಿನ ಮೂಲೆಗೆ ಒಮ್ಮೆ ಕಣ್ಣು ಹಾಯಿಸಿದಳು.

"ಪರವಾಗಿಲ್ಲ ಅಕ್ಕ" ಎಂದಳು. "ಮಗುವಿಗೆ ಎಷ್ಟು ವರ್ಷ? ಸೈಜ್ 28 ನೋಡುವನಾ?"

ಇತಿ,
ಸೀರೆ ಸೆಕ್ಷನ್, ಎರಡನೇ ಮಾಳಿಗೆ, ಎಡಗಡೆಯ ಕೊನೆಯ ಕೌಂಟರಿನವಳು